ಕಣ್ಣು ಕಾಣದ ಗೆಳೆಯನೊಂದಿಗೆ ಮೈದಾನದಲ್ಲಿ ಎರಡು ದಿನ: ಪಂದ್ಯವನ್ನು ಹೇಳುವುದು ಹೇಗೆ?

ಎಡಗಾಲು
ಭಾನುವಾರ, ರಾತ್ರಿ 9.40

ಶನಿವಾರ ಬೆಳಗಿನಿಂದ ಇವತ್ತು ಸಂಜೆಯವರೆಗೆ ನಮ್ಮ ಬಡಾವಣೆಯ ಫುಟ್‌ಬಾಲ್ ಮೈದಾನದಲ್ಲೇ ಇದ್ದೆ. ಜೊತೆಗೆ ನನ್ನ ಹಳೆಯ ಗೆಳೆಯನಿದ್ದ. ಹನ್ನೊಂದು ವರ್ಷ ಒಂದೇ ತಂಡದಲ್ಲಿ ಆಡಿದವರು ನಾವು. ಅವನು ಮಿಡ್‌ಫೀಲ್ಡ್‌ನಲ್ಲಿ ಎಂಟನೇ ನಂಬರ್, ನಾನು ಅವನ ಎಡಬದಿಗೆ. ಈಗ ಅವನಿಗೆ ಕಣ್ಣು ಕಾಣುವುದಿಲ್ಲ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟೇ ತಿಳಿಯುತ್ತದೆ. ನಾಲ್ಕು ವರ್ಷಗಳಿಂದ ಮೈದಾನದ ಕಡೆಗೇ ಸುಳಿಯದಿದ್ದವನು ಈ ಬಾರಿ ಕರೆದಾಗ ಒಂದೇ ಮಾತಿಗೆ ಒಪ್ಪಿದ. ಒಪ್ಪಿದ ಮೇಲೆ ನನಗೇ ದಿಗಿಲಾಯಿತು. ಅವನಿಗೆ ಪಂದ್ಯ ಹೇಳಬೇಕಾದವನು ನಾನು, ಆ ಕೆಲಸವನ್ನು ಎಂದೂ ಮಾಡಿದವನಲ್ಲ.

ಶನಿವಾರ ಬೆಳಿಗ್ಗೆ ಮಕ್ಕಳ ಏಳು ಜನರ ಪಂದ್ಯಗಳಿದ್ದವು. ಮೊದಲ ಹತ್ತು ನಿಮಿಷ ನಾನು ಹೇಳಿದ್ದನ್ನೆಲ್ಲ ಈಗ ನೆನೆದರೆ ಸಂಕಟವಾಗುತ್ತದೆ. "ಅಯ್ಯೋ, ತಪ್ಪಿತು!", "ಆಹಾ, ಎಂಥ ಪಾಸು!", "ಛೆ, ಛೆ, ಛೆ!" ಗೆಳೆಯ ತಾಳ್ಮೆಯಿಂದ ಕೇಳಿದ, ಆಮೇಲೆ ಹೇಳಿದ: "ನಿನಗೆ ಏನನ್ನಿಸಿತು ಎಂಬುದು ನನಗೆ ಚೆನ್ನಾಗಿ ತಿಳಿಯುತ್ತಿದೆ. ಚೆಂಡು ಎಲ್ಲಿದೆ?"

ಅದಾದ ಮೇಲೆ ಎಲ್ಲಿ, ಯಾರು, ಯಾವ ಕಡೆಗೆ ಎಂಬ ಮೂರನ್ನೇ ಹಿಡಿದುಕೊಂಡೆ. "ಬಲ ಅಂಚು, ನಡುಗೆರೆ ದಾಟಿದೆ, ಉದ್ದ ಜಡೆಯ ಹುಡುಗಿ, ಒಳಕ್ಕೆ ತಿರುಗಿದಳು." ಇಷ್ಟು ಹೇಳಿದರೆ ಉಳಿದದ್ದನ್ನು ಅವನೇ ಕಟ್ಟಿಕೊಳ್ಳುತ್ತಿದ್ದ. "ಒಳಗೆ ಯಾರೂ ಓಡಿ ಬರುತ್ತಿಲ್ಲವೇ?" ಎಂದು ಕೇಳುತ್ತಿದ್ದ. ನಾನು ನೋಡಿಯೇ ಇರುತ್ತಿರಲಿಲ್ಲ. ಚೆಂಡಿಗೆ ಅಂಟಿಕೊಂಡ ನನ್ನ ಕಣ್ಣು ಚೆಂಡಿಲ್ಲದವರನ್ನು ನೋಡುವುದನ್ನು ಮರೆತಿತ್ತು. ಆಡುತ್ತಿದ್ದ ದಿನಗಳಲ್ಲಿ ಅವನು ನನಗೆ ಬೈಯುತ್ತಿದ್ದದ್ದೂ ಇದಕ್ಕೇ.

ಮಧ್ಯಾಹ್ನ ಬೂಟುಗಳ ವಿನಿಮಯವಿತ್ತು. ಮಕ್ಕಳು ಕಾಲಿಗೆ ಚಿಕ್ಕದಾದವನ್ನು ತಂದಿಟ್ಟು ದೊಡ್ಡವನ್ನು ಒಯ್ಯುತ್ತಾರೆ. ಮೇಜಿನ ಹಿಂದೆ ಕುಳಿತ ಗೆಳೆಯ ಒಂದೊಂದನ್ನೇ ಎತ್ತಿಕೊಂಡು ಅಡಿಯ ಗುಬಟುಗಳ ಮೇಲೆ ಹೆಬ್ಬೆರಳಾಡಿಸಿ, ಅಟ್ಟೆಯನ್ನು ಮಡಚಿ ನೋಡುತ್ತಿದ್ದ. ಹೊರನೋಟಕ್ಕೆ ಹೊಸದರಂತಿದ್ದ ಎರಡು ಜೊತೆಯಲ್ಲಿ ಅಟ್ಟೆ ಅಡ್ಡಡ್ಡ ಸೀಳಿದ್ದನ್ನು ಅವನೇ ಪತ್ತೆಮಾಡಿದ. ಸ್ವಲ್ಪ ಹೊತ್ತಿನಲ್ಲೇ ಮಕ್ಕಳು ಅವನ ಮುಂದೆ ಸಾಲು ನಿಂತರು. ಆ ಒಂದೂವರೆ ಗಂಟೆ ನಾನು ಏನನ್ನೂ ವಿವರಿಸಲಿಲ್ಲ, ಬೂಟುಗಳನ್ನು ಅಳತೆಯ ಪ್ರಕಾರ ಜೋಡಿಸಿದೆ, ಅಷ್ಟೇ.

ಸಂಜೆ ಮಹಿಳೆಯರ ಪಂದ್ಯ ನಡೆಯುವಾಗ ಬೆಳಕು ಇಳಿಯುತ್ತಿತ್ತು. ಗಾಳಿ ತಂಪಾದದ್ದು ಅವನಿಗೆ ತಿಳಿದಿರಬೇಕು. "ಈ ಹೊತ್ತಿಗೇ ನನಗೆ ಎಲ್ಲ ತಪ್ಪಲು ಶುರುವಾಗಿದ್ದು" ಎಂದ. ಅವನ ಕಾಯಿಲೆ ರೆಟಿನೈಟಿಸ್ ಪಿಗ್ಮೆಂಟೋಸಾ. ಅಕ್ಷಿಪಟಲದ ಕೋಶಗಳು ಮೆಲ್ಲಗೆ ಸಾಯುತ್ತ ಹೋಗುತ್ತವೆ. ಮೊದಲು ಇರುಳುಗುರುಡು, ಆಮೇಲೆ ಬದಿಯ ನೋಟ ಹೋಗುತ್ತದೆ, ಕೊಳವೆಯೊಳಗಿನಿಂದ ನೋಡಿದಂತೆ ನಡುವಿನದಷ್ಟೇ ಉಳಿಯುತ್ತದೆ, ಹಲವರಿಗೆ ಕೊನೆಗೆ ಅದೂ ಹೋಗುತ್ತದೆ. ಅವನು ಆಡಿದ ಕೊನೆಯ ಎರಡು ವರ್ಷ ಸಂಜೆಯ ಪಂದ್ಯಗಳಲ್ಲಿ ನಾನು ಎಡದಿಂದ ಕೊಟ್ಟ ಪಾಸುಗಳು ಅವನ ಪಕ್ಕದಿಂದಲೇ ಹಾದುಹೋಗುತ್ತಿದ್ದವು. ಎದುರಿಗೆ ಬಂದ ಚೆಂಡು ಸಿಗುತ್ತಿತ್ತು, ಬದಿಯಿಂದ ಬಂದದ್ದು ಸಿಗುತ್ತಿರಲಿಲ್ಲ. ಗಮನವಿಲ್ಲ, ಸೋಮಾರಿಯಾಗಿದ್ದಾನೆ ಎಂದು ತಂಡದವರು ಅಂದರು. ಎಲ್ಲರಿಗಿಂತ ಹೆಚ್ಚು ಅಂದವನು ನಾನು. ಒಮ್ಮೆ ಎಲ್ಲರೆದುರು, ಜೋರಾಗಿ. ಅವನಿಗೂ ಆಗ ಕಾರಣ ಗೊತ್ತಿರಲಿಲ್ಲ. ತನ್ನನ್ನೇ ಬೈದುಕೊಂಡು ಆಟ ಬಿಟ್ಟ. ಶನಿವಾರ ಸಂಜೆ ಕ್ಷಮೆ ಕೇಳಿದೆ. ಅವನು ಉತ್ತರ ಕೊಡಲಿಲ್ಲ, "ಎಡಬದಿಯಲ್ಲಿ ಯಾರಿದ್ದಾರೆ ಈಗ?" ಎಂದು ಪಂದ್ಯದ ಬಗ್ಗೆ ಕೇಳಿದ.

ಇವತ್ತು ಬೆಳಿಗ್ಗೆ ಎಲ್ಲರೂ ಸೇರಿ ಮೈದಾನ ಗುಡಿಸಿ ಗೆರೆ ಎಳೆದೆವು. ಹಗ್ಗದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಆಮೇಲೆ ಹಿರಿಯರ ನಡಿಗೆ ಫುಟ್‌ಬಾಲ್, ಕೊನೆಗೆ ಅಂಧರ ಫುಟ್‌ಬಾಲ್ ಪ್ರದರ್ಶನ ಪಂದ್ಯ. ಆಟ ನಡೆಯುವಾಗ ಪ್ರೇಕ್ಷಕರು ಸದ್ದು ಮಾಡಬಾರದು ಎಂದು ಮೊದಲೇ ಹೇಳಿದ್ದರಿಂದ ನನ್ನ ವಿವರಣೆ ನಿಂತಿತು. ಆಗ ಗೆಳೆಯ ತನ್ನ ಬೆರಳನ್ನು ನನ್ನ ಮೊಣಕಾಲಿನ ಮೇಲಿಟ್ಟು ಚೆಂಡಿನ ಹಾದಿಯನ್ನು ಎಳೆಯತೊಡಗಿದ. ಚೆಂಡಿನೊಳಗಿನ ಗಿಲಕಿಯ ಸದ್ದು, ಅಂಚಿನ ಹಲಗೆಗೆ ಬಡಿದ ಸದ್ದು, ಗೋಲಿನ ಹಿಂದೆ ನಿಂತ ಮಾರ್ಗದರ್ಶಿಯ ಕೂಗು, ಇವುಗಳಿಂದಲೇ ಬಹುಪಾಲು ಸರಿಯಾಗಿ ಎಳೆದ. ಒಂದು ಕಡೆ ಬೆರಳು ನಿಂತುಬಿಟ್ಟಿತು. ಚೆಂಡು ಹಲಗೆಯ ಬುಡದಲ್ಲಿ ನಿಂತಿತ್ತು, ನಿಂತ ಚೆಂಡಿಗೆ ಸದ್ದಿಲ್ಲ. ನಾನು ಅವನ ಬೆರಳನ್ನು ಹಿಡಿದು ಮೊಣಕಾಲಿನ ಅಂಚಿಗೆ ಸರಿಸಿದೆ.

ಇನ್ನು ಮುಂದೆ ಪ್ರತಿ ವಾರ ಹೋಗಬೇಕೆಂದಿದ್ದೇವೆ. ಹಾಗಾಗಿ ಇಲ್ಲಿ ಅನುಭವವಿರುವವರನ್ನು ಕೇಳುತ್ತಿದ್ದೇನೆ. ಏನನ್ನು ಹೇಳಬೇಕು, ಏನನ್ನು ಬಿಡಬೇಕು? ಹೇಳುವುದಕ್ಕೆ ಒಂದು ಕ್ರಮವಿದೆಯೇ?

ದನಿಪೆಟ್ಟಿಗೆ
ಭಾನುವಾರ, ರಾತ್ರಿ 10.25

ನಾನು ಹಲವು ವರ್ಷ ರೇಡಿಯೊಗೆ ಕ್ರೀಡಾ ವೀಕ್ಷಕ ವಿವರಣೆ ಮಾಡಿದವನು. ನಿಮ್ಮ ಗೆಳೆಯ ಕೇಳಿದ "ಚೆಂಡು ಎಲ್ಲಿದೆ?" ಎಂಬ ಪ್ರಶ್ನೆಯಿಂದಲೇ ಬ್ರಿಟನ್ನಿನಲ್ಲಿ ನಮ್ಮ ಕಸುಬು ಶುರುವಾಗಿದ್ದು. ಇದು ಹೇಳುವ ಮಾತಿಗೆ ಅಲ್ಲ, ನಿಜಕ್ಕೂ ಹಾಗೆ.

1927ರ ಜನವರಿ 15ರಂದು ಬಿಬಿಸಿ ಟ್ವಿಕೆನ್‌ಹ್ಯಾಮ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್ ನಡುವಿನ ರಗ್ಬಿ ಪಂದ್ಯವನ್ನು ನೇರವಾಗಿ ಬಿತ್ತರಿಸಿತು. ವಿವರಣೆ ಹೇಳಿದವರು ಟೆಡ್ಡಿ ವೇಕ್ಲಮ್. ಕಾಣದ ಕೇಳುಗರಿಗೆ ಹೇಗೆ ಹೇಳಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಆಗ ನಿರ್ಮಾಪಕರು ಯುದ್ಧದಲ್ಲಿ ಕಣ್ಣು ಕಳೆದುಕೊಂಡವರ ಸಂಸ್ಥೆಯಾದ ಸೇಂಟ್ ಡನ್‌ಸ್ಟನ್ಸ್‌ನಿಂದ ಒಬ್ಬ ಅಂಧ ಕ್ರೀಡಾಪ್ರೇಮಿಯನ್ನು ಕರೆತಂದು ಅವರ ಹತ್ತಿರ ಕೂರಿಸಿ, ಇವರಿಗೆ ಪಂದ್ಯವನ್ನು ಹೇಳಿ, ಅದೇ ಎಲ್ಲರಿಗೂ ಸಾಕು ಎಂದರು. ಅಂದರೆ ನೀವು ಶನಿವಾರ ಬೆಳಿಗ್ಗೆ ಕುಳಿತ ಜಾಗದಲ್ಲೇ ವೇಕ್ಲಮ್ ಕುಳಿತಿದ್ದರು.

ಒಂದು ವಾರದ ನಂತರ, ಜನವರಿ 22ರಂದು, ಲಂಡನ್ನಿನ ಹೈಬರಿ ಮೈದಾನದಲ್ಲಿ ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ಪಂದ್ಯ. ಅದು ಬಿಬಿಸಿಯಲ್ಲಿ ನೇರವಾಗಿ ಬಂದ ಮೊದಲ ಫುಟ್‌ಬಾಲ್ ಪಂದ್ಯ; 1-1ರಲ್ಲಿ ಮುಗಿಯಿತು. ರೇಡಿಯೊ ಟೈಮ್ಸ್ ಪತ್ರಿಕೆ ಮೈದಾನದ ನಕ್ಷೆಯನ್ನು ಎಂಟು ಚೌಕಗಳಾಗಿ ಗೆರೆ ಹಾಕಿ, ನಂಬರು ಕೊಟ್ಟು ಅಚ್ಚುಹಾಕಿತ್ತು. ವೇಕ್ಲಮ್ ಆಟ ಹೇಳುತ್ತಿದ್ದರೆ, ಜೊತೆಗಿದ್ದ ಎರಡನೆಯ ದನಿ ಚೌಕದ ನಂಬರನ್ನಷ್ಟೇ ಹೇಳುತ್ತಿತ್ತು. ಕೇಳುಗರು ಮನೆಯಲ್ಲಿ ನಕ್ಷೆಯ ಮೇಲೆ ಬೆರಳಿಟ್ಟು ಹಿಂಬಾಲಿಸುತ್ತಿದ್ದರು.

ನನ್ನ ಸಲಹೆ ಅದೇ. ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು ಎಂದು ಭಾಗ ಮಾಡಿಕೊಳ್ಳಿ. ನಿಮ್ಮ ಎಡಗೈ ಕಡೆಯ ಗೋಲಿನ ಬಳಿ ಒಂದು ಮತ್ತು ಎರಡು, ಬಲಗೈ ಕಡೆಯ ಗೋಲಿನ ಬಳಿ ಏಳು ಮತ್ತು ಎಂಟು. ಬೆಸ ಸಂಖ್ಯೆಗಳೆಲ್ಲ ನಿಮ್ಮ ಹತ್ತಿರದ ಅಂಚು, ಸಮ ಸಂಖ್ಯೆಗಳೆಲ್ಲ ದೂರದ ಅಂಚು. "ಮೂರು, ಐದು, ಆರು" ಎಂದರೆ ಚೆಂಡು ಹೇಗೆ ಸಾಗಿತೆಂದು ಮೂರೇ ಪದದಲ್ಲಿ ತಿಳಿಯುತ್ತದೆ. ಉಳಿದ ಸಮಯ ಆಟಗಾರರ ಬಗ್ಗೆ ಹೇಳಲು ಸಿಗುತ್ತದೆ. ವಿರಾಮದ ನಂತರ ತಂಡಗಳು ಕಡೆ ಬದಲಿಸುತ್ತವೆ, ಚೌಕಗಳು ಬದಲಾಗಬಾರದು. ಹೊಸಬರು ಎಡವುವುದೇ ಅಲ್ಲಿ.

ಶಿಳ್ಳೆಯವ
ಸೋಮವಾರ, ಬೆಳಿಗ್ಗೆ 6.50

ವಾರಾಂತ್ಯಗಳಲ್ಲಿ ಸ್ಥಳೀಯ ಪಂದ್ಯಗಳಿಗೆ ರೆಫರಿಯಾಗಿ ಹೋಗುತ್ತೇನೆ. ಎಡಗಾಲು ಅವರ ಬರಹ ಓದಿದ ಮೇಲೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ನಾವು ಕೊಡುವ ಸೂಚನೆಗಳಲ್ಲಿ ಶಿಳ್ಳೆಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಕಣ್ಣಿಗೇ ಹೊರತು ಕಿವಿಗಲ್ಲ.

ಅಡ್ವಾಂಟೇಜ್ ಕೊಟ್ಟಾಗ, ಅಂದರೆ ಫೌಲಾದರೂ ಅನ್ಯಾಯವಾದ ತಂಡಕ್ಕೇ ಲಾಭವೆಂದು ಆಟ ನಿಲ್ಲಿಸದಿದ್ದಾಗ, ಶಿಳ್ಳೆಯೇ ಇಲ್ಲ, ತೋಳನ್ನು ಮುಂದಕ್ಕೆ ಚಾಚುತ್ತೇವೆ. ಜನ "ಫೌಲ್, ಫೌಲ್" ಎಂದು ಕೂಗುತ್ತಿರುತ್ತಾರೆ, ಆಟ ಮುಂದುವರಿಯುತ್ತಿರುತ್ತದೆ. ಕಾಣದವರಿಗೆ ರೆಫರಿ ಫೌಲನ್ನು ನೋಡಲೇ ಇಲ್ಲ ಎನಿಸುತ್ತದೆ. ಪರೋಕ್ಷ ಫ್ರೀ ಕಿಕ್ (ಅದರಿಂದ ನೇರವಾಗಿ ಗೋಲು ಹೊಡೆಯುವಂತಿಲ್ಲ) ಆದರೆ ಒಂದು ತೋಳನ್ನು ತಲೆಯ ಮೇಲೆ ಎತ್ತಿ, ಒದ್ದ ಚೆಂಡು ಇನ್ನೊಬ್ಬ ಆಟಗಾರನಿಗೆ ತಗಲುವವರೆಗೆ ಅಥವಾ ಆಟದಿಂದ ಹೊರಹೋಗುವವರೆಗೆ ಹಾಗೆಯೇ ಹಿಡಿದಿರುತ್ತೇವೆ. ಆ ತೋಳು ಎದ್ದಿದೆಯೋ ಇಲ್ಲವೋ ಎಂಬುದನ್ನು ಹೇಳದಿದ್ದರೆ, ನೇರವಾಗಿ ಬಲೆಗೆ ಹೋದ ಚೆಂಡು ಏಕೆ ಗೋಲಾಗಲಿಲ್ಲ ಎಂದು ನಿಮ್ಮ ಗೆಳೆಯನಿಗೆ ಅರ್ಥವಾಗುವುದಿಲ್ಲ. 2025ರಲ್ಲಿ ಬಂದ ಹೊಸ ನಿಯಮದಲ್ಲಿ ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡನ್ನು ರೆಫರಿ ಬೆರಳುಗಳಲ್ಲಿ ಎಣಿಸಿ ತೋರಿಸುತ್ತಾರೆ, ಬಾಯಲ್ಲಿ ಅಲ್ಲ. ಆಫ್‌ಸೈಡ್ ಧ್ವಜವೂ ಅಷ್ಟೇ, ಸದ್ದಿಲ್ಲದೆ ಏಳುತ್ತದೆ.

ಕಾರ್ಡುಗಳು ಹುಟ್ಟಿದ್ದೂ ಕಣ್ಣಿಗಾಗಿಯೇ. 1966ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ಪಂದ್ಯದಲ್ಲಿ ಭಾಷೆಯ ತೊಡಕಿನಿಂದ ಯಾರಿಗೆ ಏನು ಎಚ್ಚರಿಕೆ ಕೊಟ್ಟರೆಂಬ ಗೊಂದಲವಾಯಿತು. ಆ ವಿಶ್ವಕಪ್‌ನ ರೆಫರಿಗಳ ಉಸ್ತುವಾರಿ ನೋಡುತ್ತಿದ್ದ ಕೆನ್ ಆಸ್ಟನ್ ಸಂಚಾರ ದೀಪ ನೋಡಿ ಹಳದಿ ಮತ್ತು ಕೆಂಪನ್ನು ಯೋಚಿಸಿದರು, 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಅವು ಬಳಕೆಗೆ ಬಂದವು. ಬೇರೆ ಭಾಷೆಯವರಿಗೆ ಆಟ ತಿಳಿಯಲಿ ಎಂದು ಇಷ್ಟು ಮಾಡಿದ್ದೇವೆ. ಕಾಣದವರಿಗೆ ತಿಳಿಯಲಿ ಎಂದು ನಾನು ಇಷ್ಟು ವರ್ಷ ಏನೂ ಮಾಡಿಲ್ಲ. ಮುಂದಿನ ಪಂದ್ಯದಿಂದ "ಆಟ ಮುಂದುವರಿಯಲಿ", "ಪರೋಕ್ಷ" ಎಂಬುದನ್ನು ಅಂಚಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತೇನೆ. ಅದಕ್ಕೆ ನಿಯಮದ ಅಡ್ಡಿಯೇನೂ ಇಲ್ಲ.

ಮಕ್ಕಳ ಕೋಚ್
ಸೋಮವಾರ, ಬೆಳಿಗ್ಗೆ 8.15

ಎಲ್ಲರೂ ಮೆಚ್ಚುತ್ತಿರುವಾಗ ನಾನು ಬೇರೆ ಮಾತು ಹೇಳಬೇಕಾಗಿದೆ, ದಯವಿಟ್ಟು ತಪ್ಪು ತಿಳಿಯಬೇಡಿ.

ಮಕ್ಕಳ ಪಂದ್ಯದಲ್ಲಿ ಅಂಚಿನಿಂದ ಬರುವ ಪ್ರತಿಯೊಂದು ದನಿಯೂ ಮಕ್ಕಳ ಕಿವಿಗೆ ಬೀಳುತ್ತದೆ. ಏಳು ಜನರ ಮೈದಾನ ಚಿಕ್ಕದು. "ತಪ್ಪಿಸಿದಳು", "ಬಿಟ್ಟುಬಿಟ್ಟ" ಎಂದು ನೀವು ಗೆಳೆಯನಿಗೆ ಹೇಳಿದ್ದನ್ನು ಹತ್ತು ವರ್ಷದ ಮಗು ತನಗೇ ಹೇಳಿದರೆಂದು ಕೇಳಿಸಿಕೊಳ್ಳುತ್ತದೆ. ತಂದೆ ತಾಯಿಯರು ಗೆರೆಯ ಬಳಿ ನಿಂತು ಕೂಗುವುದನ್ನು ನಿಲ್ಲಿಸಲು ನಾವು ವರ್ಷಗಳಿಂದ ಹೆಣಗುತ್ತಿದ್ದೇವೆ. ಎದುರಿನಿಂದ "ಒದಿ" ಎಂದೂ ಹಿಂದಿನಿಂದ "ಬಿಡಬೇಡ" ಎಂದೂ ಕೇಳಿದ ಮಗು ಚೆಂಡಿನ ಮೇಲೆ ಕಾಲಿಟ್ಟುಕೊಂಡು ಅಳುವುದನ್ನು ನಾನು ನೋಡಿದ್ದೇನೆ.

ವಿವರಣೆ ಬೇಡ ಎನ್ನುತ್ತಿಲ್ಲ. ಗೆರೆಯಿಂದ ದೂರ, ಗಾಳಿ ಬೀಸುವ ದಿಕ್ಕನ್ನು ನೋಡಿ ಕುಳಿತುಕೊಳ್ಳಿ. ದನಿ ತಗ್ಗಿಸಿ. ಮಕ್ಕಳ ತಪ್ಪನ್ನು ಹೇಳದೆ ಚೆಂಡು ಎಲ್ಲಿಗೆ ಹೋಯಿತೆಂದಷ್ಟೇ ಹೇಳಿ. ಇನ್ನೊಂದು ಮಾತು: ಸುತ್ತಾಡುವಾಗ ಸಾಗಿಸುವ ಗೋಲ್‌ಕಂಬಗಳಿಗೆ ಒರಗಲು ಯಾರನ್ನೂ ಬಿಡಬೇಡಿ. ಅವನ್ನು ನೆಲಕ್ಕೆ ಭದ್ರವಾಗಿ ಕಟ್ಟಿರಬೇಕು ಎಂಬುದು ಆಟದ ಮೊದಲನೆಯ ನಿಯಮದಲ್ಲೇ ಇದೆ, ಆದರೂ ಅಭ್ಯಾಸದ ಕಂಬಗಳು ಎಷ್ಟೋ ಕಡೆ ಸುಮ್ಮನೆ ನಿಂತಿರುತ್ತವೆ. ಮಗುಚಿ ಬಿದ್ದರೆ ಪ್ರಾಣಕ್ಕೇ ಅಪಾಯ.

ಎಡಗಾಲು
ಸೋಮವಾರ, ಮಧ್ಯಾಹ್ನ 1.10

ಕೋಚ್ ಅವರೇ, ನೀವು ಹೇಳಿದ್ದು ಸರಿ. ಶನಿವಾರ ನಾನು "ಛೆ" ಎಂದಾಗ ಗೋಲಿನಲ್ಲಿದ್ದ ಹುಡುಗ ತಿರುಗಿ ನನ್ನನ್ನೇ ನೋಡಿದ. ಆಗ ಅದರ ಅರ್ಥ ಹೊಳೆಯಲಿಲ್ಲ. ಇನ್ನು ಮುಂದೆ ದೂರದಲ್ಲಿ ಕೂರುತ್ತೇವೆ. ದನಿಪೆಟ್ಟಿಗೆಯವರ ಚೌಕಗಳು ಇಲ್ಲಿಯೂ ನೆರವಾಗುತ್ತವೆ. "ಐದು" ಎಂಬ ಮಾತಿನಿಂದ ಯಾವ ಮಗುವಿಗೂ ನೋವಾಗುವುದಿಲ್ಲ.

1927ರ ಸಂಗತಿಯನ್ನು ಗೆಳೆಯನಿಗೆ ಫೋನಿನಲ್ಲಿ ಓದಿ ಹೇಳಿದೆ. ಆ ಅಂಧ ಶ್ರೋತೃವಿನ ಹೆಸರೇನು ಎಂದು ಮೊದಲು ಕೇಳಿದ.

ಅರ್ಧಗೆರೆ
ಸೋಮವಾರ, ಸಂಜೆ 5.30

ನನ್ನ ತಂದೆಯವರಿಗೆ ಮುಪ್ಪಿನಲ್ಲಿ ದೃಷ್ಟಿ ಹೋಗಿತ್ತು. ಆರು ವರ್ಷ ಅವರ ಪಕ್ಕ ಕುಳಿತು ಪಂದ್ಯ ಹೇಳಿದ್ದೇನೆ. ನಾನು ಕಲಿತದ್ದು ಇಷ್ಟು: ಎಲ್ಲವನ್ನೂ ಹೇಳಲು ಹೋಗಬೇಡಿ. ತೊಂಬತ್ತು ನಿಮಿಷ ಎಡೆಬಿಡದೆ ಕಿವಿಯಲ್ಲಿ ಮಾತು ಬಿದ್ದರೆ ಯಾರಿಗಾದರೂ ದಣಿವಾಗುತ್ತದೆ. ಗೋಲ್ ಕಿಕ್‌ಗೆ ಚೆಂಡಿಡುವಾಗ, ಗಾಯವಾದವರನ್ನು ನೋಡಿಕೊಳ್ಳುವಾಗ ಸುಮ್ಮನಿರಿ. ಅವರಿಗೆ ಮೈದಾನದ ಸದ್ದು ಕೇಳಲಿ. ಒದೆತದ ಸದ್ದಿನಿಂದಲೇ ಚೆಂಡು ಬೂಟಿನ ಯಾವ ಭಾಗಕ್ಕೆ ತಗಲಿತೆಂದು ಅಪ್ಪ ಹೇಳುತ್ತಿದ್ದರು.

ದೊಡ್ಡ ಪಂದ್ಯಾವಳಿಗಳಲ್ಲಿ ಅಂಧ ಪ್ರೇಕ್ಷಕರಿಗೆಂದೇ ಕಿವಿಗೆ ಹಾಕಿಕೊಳ್ಳುವ ವಿವರಣೆಯ ವ್ಯವಸ್ಥೆ ಇರುತ್ತದೆ. 2012ರ ಯೂರೊ ಕಪ್‌ನಲ್ಲಿ ಅದನ್ನು ಒದಗಿಸಿದ್ದರು. ಅದಕ್ಕಾಗಿ ತರಬೇತಾದವರು ಸಾಮಾನ್ಯ ವಿವರಣೆಗಾರರಿಗಿಂತ ಬೇರೆಯಾಗಿ ಮಾತನಾಡುತ್ತಾರೆ: ಅಂಕಿಅಂಶ ಕಡಿಮೆ, ಬಣ್ಣ, ದೂರ, ಮೈಯ ಚಲನೆ ಹೆಚ್ಚು. ಬಡಾವಣೆಯ ಪಂದ್ಯಕ್ಕೆ ಅಷ್ಟು ಏರ್ಪಾಡು ಬೇಕಿಲ್ಲ. ಇಬ್ಬರು ಸರದಿಯಲ್ಲಿ ಹೇಳಿದರೆ ಸಾಕು, ಒಬ್ಬರ ಗಂಟಲಿಗೂ ಬಿಡುವು.

ಒಂದು ಎಚ್ಚರಿಕೆ. ನೀವು ಅವರ ಕಣ್ಣಾಗಿದ್ದೀರಿ ಎಂದು ಯಾರಾದರೂ ಹೊಗಳಿದರೆ ಅದನ್ನು ಒಪ್ಪಿಕೊಳ್ಳಬೇಡಿ. ಅಪ್ಪನಿಗೆ ಆ ಮಾತು ಕೇಳಿದರೆ ಕೋಪ ಬರುತ್ತಿತ್ತು.

ಗಿಲಕಿ
ಸೋಮವಾರ, ರಾತ್ರಿ 8.05

ನಾನು ಅಂಧರ ಫುಟ್‌ಬಾಲ್ ಆಡುವವಳು. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ, ಪರದೆ ಓದುವ ತಂತ್ರಾಂಶದಿಂದ ನಿಮ್ಮೆಲ್ಲರ ಬರಹ ಕೇಳಿದೆ.

ನಮ್ಮ ಆಟ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಒಂದು ತಂಡದಲ್ಲಿ ಐದು ಜನ. ನಾಲ್ವರು ಕಣ್ಣುಪಟ್ಟಿ ಕಟ್ಟಿಕೊಳ್ಳುತ್ತೇವೆ, ಸ್ವಲ್ಪ ಬೆಳಕು ಕಾಣುವವರಿಗೂ ಕಾಣದವರಿಗೂ ವ್ಯತ್ಯಾಸ ಉಳಿಯಬಾರದೆಂದು. ಗೋಲ್‌ಕೀಪರ್‌ಗೆ ಮಾತ್ರ ಕಣ್ಣು ಕಾಣುತ್ತದೆ. ಮೈದಾನ ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲ. ಉದ್ದದ ಎರಡೂ ಅಂಚಿಗೆ ಸೊಂಟದೆತ್ತರದ ಹಲಗೆ, ಹಾಗಾಗಿ ಚೆಂಡು ಅತ್ತಿತ್ತ ಹೊರಗೆ ಹೋಗುವುದಿಲ್ಲ. ಆಫ್‌ಸೈಡ್ ಇಲ್ಲ. ನಮ್ಮ ಗೋಲಿನ ಬಳಿ ಇರುವಾಗ ಗೋಲ್‌ಕೀಪರ್, ನಡುವೆ ಇರುವಾಗ ಕೋಚ್, ಎದುರಾಳಿಯ ಗೋಲಿನ ಬಳಿ ಇರುವಾಗ ಅದರ ಹಿಂದೆ ನಿಂತ ಮಾರ್ಗದರ್ಶಿ ದಾರಿ ಹೇಳುತ್ತಾರೆ. ಪೆನಾಲ್ಟಿಗೆ ಮುನ್ನ ಮಾರ್ಗದರ್ಶಿ ಎರಡೂ ಕಂಬಗಳನ್ನು ತಟ್ಟುತ್ತಾರೆ. ಆ ಎರಡು ಸದ್ದುಗಳ ನಡುವೆ ನಮಗೆ ಗೋಲು ಕಾಣುತ್ತದೆ. ಚೆಂಡಿನತ್ತ ನುಗ್ಗುವಾಗ "ವೊಯ್" ಎನ್ನಲೇಬೇಕು. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಬರುತ್ತಿದ್ದೇನೆ, ಹೋಗುತ್ತಿದ್ದೇನೆ ಎಂಬ ಅರ್ಥ. ಹೇಳದಿದ್ದರೆ ಫೌಲ್.

2004ರ ಅಥೆನ್ಸ್‌ನಿಂದ ಇದು ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಮೊದಲ ಐದೂ ಚಿನ್ನ ಬ್ರೆಜಿಲ್‌ಗೆ, 2024ರಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್‌ಗೆ. ಆದರೆ ಅಲ್ಲಿ ಇನ್ನೂ ಪುರುಷರ ಪಂದ್ಯಗಳು ಮಾತ್ರ. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 2023ರಲ್ಲಿ, ಬರ್ಮಿಂಗ್‌ಹ್ಯಾಮ್‌ನಲ್ಲಿ, ಗೆದ್ದದ್ದು ಅರ್ಜೆಂಟೀನಾ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ, ಅಷ್ಟು ತಡವಾಯಿತು.

ಎಡಗಾಲು ಅವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಗೆಳೆಯನಿಗೆ ಪಂದ್ಯ ಹೇಗೆ ಹೇಳಬೇಕೆಂದು ಕೇಳಿದ್ದೀರಿ. ಅವರು ಆಡುತ್ತಾರೆಯೇ ಎಂದು ಏಕೆ ಕೇಳಲಿಲ್ಲ? ಹನ್ನೊಂದು ವರ್ಷ ಎಂಟನೇ ನಂಬರ್ ಆಗಿ ಆಡಿದವರ ಕಾಲು ಆಟವನ್ನು ಮರೆತಿರುವುದಿಲ್ಲ. ನಾವು ಬುಧವಾರ ಸಂಜೆ ಅಭ್ಯಾಸ ಮಾಡುತ್ತೇವೆ. ಕರೆದುಕೊಂಡು ಬನ್ನಿ.

ಕರೆತರುವಾಗ ಅವರ ತೋಳು ಹಿಡಿದು ಎಳೆಯಬೇಡಿ, ಬೆನ್ನಿಗೆ ಕೈಕೊಟ್ಟು ತಳ್ಳಬೇಡಿ. ನಿಮ್ಮ ಮೊಣಕೈಯ ಮೇಲ್ಭಾಗವನ್ನು ಅವರೇ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಮೆಟ್ಟಿಲು ಬಂದರೆ ಮೇಲಕ್ಕೋ ಕೆಳಕ್ಕೋ ಹೇಳಿ. ಕೂರುವಾಗ ಅವರ ಕೈಯನ್ನು ಕುರ್ಚಿಯ ಬೆನ್ನಿಗೆ ತಲುಪಿಸಿ, ಉಳಿದದ್ದು ಅವರಿಗೆ ಗೊತ್ತು.

ನಡಿಗೆಯ ತಂಡ
ಮಂಗಳವಾರ, ಬೆಳಿಗ್ಗೆ 7.20

ಭಾನುವಾರ ನಡಿಗೆ ಫುಟ್‌ಬಾಲ್ ಆಡಿದವರಲ್ಲಿ ನಾನೂ ಒಬ್ಬ, ಅರವತ್ತೆರಡು ವರ್ಷ. ಆಟ 2011ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್‌ನಲ್ಲಿ ಶುರುವಾಯಿತು. ಓಡುವಂತಿಲ್ಲ, ಸದಾ ಒಂದು ಪಾದ ನೆಲದ ಮೇಲಿರಬೇಕು. ಎಡಗಾಲು ಅವರ ಪಕ್ಕದಲ್ಲಿ ಕಪ್ಪು ಕನ್ನಡಕದವರು ಕುಳಿತಿದ್ದನ್ನು ನೋಡಿದ್ದೆ. ನಾನು ಗೋಲು ಹೊಡೆದಾಗ ಅವರು ಎಲ್ಲರಿಗಿಂತ ಒಂದು ಕ್ಷಣ ತಡವಾಗಿ ಚಪ್ಪಾಳೆ ತಟ್ಟಿದರು. ಕಾರಣ ಈಗ ತಿಳಿಯಿತು. ಆ ಒಂದು ಕ್ಷಣದಲ್ಲಿ ನೀವು ಅವರಿಗೆ ನನ್ನ ಗೋಲನ್ನು ಹೇಳುತ್ತಿದ್ದಿರಿ. ಏನು ಹೇಳಿದಿರೋ ತಿಳಿಯುವ ಆಸೆ.

ಎಡಗಾಲು
ಮಂಗಳವಾರ, ಬೆಳಿಗ್ಗೆ 9.00

ಹಿರಿಯರೇ, "ಬಿಳಿ ತಲೆ, ಮಂಡಿಗೆ ಪಟ್ಟಿ, ನಿಂತಲ್ಲಿಂದಲೇ ಒಳಪಾದದಲ್ಲಿ ತಳ್ಳಿದರು, ದೂರದ ಕಂಬದ ಬುಡ" ಎಂದಿದ್ದೆ. ಅವನು "ಅವಸರವಿಲ್ಲದವರು" ಎಂದ.

ಗಿಲಕಿಯವರೇ, ನಿಮ್ಮ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಕೇಳಲು ಹೆದರಿದೆ. ಅವನು ಬೇಡ ಎಂದರೆ ಮೈದಾನಕ್ಕೆ ಬರುವುದನ್ನೂ ನಿಲ್ಲಿಸಿಬಿಟ್ಟಾನು ಎಂಬ ಹೆದರಿಕೆ.

ಎಂಟನೇ ನಂಬರ್
ಮಂಗಳವಾರ, ರಾತ್ರಿ 10.50

ಇಷ್ಟು ಜನ ನನ್ನ ಬಗ್ಗೆ ಬರೆದ ಮೇಲೆ ನಾನೇ ಬರೆಯುವುದು ಸರಿ ಎನಿಸಿತು. ಟೈಪ್ ಮಾಡುವುದು ಇನ್ನೂ ನಿಧಾನ, ಅದಕ್ಕೇ ತಡವಾಯಿತು.

ಮೊದಲು ಕೆಲವು ತಿದ್ದುಪಡಿ. ಎಡಗಾಲು ಚೆನ್ನಾಗಿಯೇ ಹೇಳಿದ. "ಛೆ" ಕೂಡ ಬೇಕು, ಚೆಂಡು ಎಲ್ಲಿದೆ ಎಂದ ಮೇಲೆ. ಬರೀ ಚೌಕಗಳ ನಂಬರು ಹೇಳುತ್ತ ಹೋದರೆ ಯಾರೋ ಲೆಕ್ಕ ಓದುತ್ತಿದ್ದಾರೆ ಎನಿಸುತ್ತದೆ. ಪಕ್ಕದಲ್ಲಿ ಇವನು ಇದ್ದಾನೆ, ಇವನಿಗೆ ಎದೆ ಹೊಡೆದುಕೊಳ್ಳುತ್ತಿದೆ ಎಂಬುದೂ ನನಗೆ ಪಂದ್ಯದ ಭಾಗವೇ.

ಅವನು ಬಿಟ್ಟದ್ದು ಬೇರೆ. ಬದಲಿ ಆಟಗಾರ್ತಿಯರು ಎಲ್ಲಿ ಕುಳಿತಿದ್ದಾರೆ, ಯಾರು ಮೈ ಬಿಸಿ ಮಾಡಿಕೊಳ್ಳುತ್ತಿದ್ದಾರೆ, ಸೋಲುತ್ತಿರುವ ತಂಡದ ನಾಯಕಿ ಯಾರ ಜೊತೆ ಮಾತನಾಡುತ್ತಿದ್ದಾಳೆ, ಇದ್ಯಾವುದನ್ನೂ ಹೇಳಲಿಲ್ಲ. ಪಂದ್ಯ ತಿರುಗುವ ಮೊದಲು ಅದು ಕಾಣುವುದು ಅಲ್ಲಿಯೇ. ನಾನು ಆಡುವಾಗ ನೋಡುತ್ತಿದ್ದದ್ದು ಅದನ್ನೇ.

ಎರಡು ದಿನದಲ್ಲಿ ನನಗೆ ಬೇಸರವಾದದ್ದು ಒಂದೇ ವಿಷಯಕ್ಕೆ. ನಾಲ್ಕು ಜನ ಬಂದು ಎಡಗಾಲನ್ನು ಕೇಳಿದರು: "ಇವರಿಗೆ ನೀರು ಬೇಕೇ?", "ಇವರು ಇಲ್ಲೇ ಕೂರುತ್ತಾರೆಯೇ?" ನಾನು ಅಲ್ಲೇ ಇದ್ದೆ. ನನ್ನನ್ನೇ ಕೇಳಬಹುದಿತ್ತು. ಬೂಟಿನ ಮೇಜಿಗೆ ಬಂದ ಮಕ್ಕಳಲ್ಲಿ ಒಬ್ಬರೂ ಹಾಗೆ ಮಾಡಲಿಲ್ಲ. "ಅಣ್ಣಾ, ಇದು ಇನ್ನೂ ಒಂದು ವರ್ಷ ಬರುತ್ತದೆಯೇ?" ಎಂದು ನೇರವಾಗಿ ಕೇಳಿದರು.

ಎಡಗಾಲು, ಶನಿವಾರ ನಿನಗೆ ಉತ್ತರ ಕೊಡಲಿಲ್ಲ, ಏನು ಹೇಳಬೇಕೆಂದು ತಿಳಿದಿರಲಿಲ್ಲ. ಈಗ ಹೇಳುತ್ತೇನೆ. ನೀನು ಬೈದದ್ದು ನನಗೆ ನೆನಪಿದೆ. ನೋವಾಗಿತ್ತು. ಆದರೆ ಬೈದ ಮೇಲೂ ನೀನು ಪಾಸು ಕೊಡುವುದನ್ನು ನಿಲ್ಲಿಸಲಿಲ್ಲ. ಉಳಿದವರು ನಿಲ್ಲಿಸಿದ್ದರು. ಕೊನೆಯ ಪಂದ್ಯದಲ್ಲಿ ನನಗೆ ಬಂದ ಏಳೆಂಟು ಚೆಂಡುಗಳೂ ಎಡದಿಂದಲೇ ಬಂದವು. ಎಲ್ಲವೂ ತಪ್ಪಿದವು, ಎಡದಿಂದ ಬಂದವು ಎಂಬುದಂತೂ ಗೊತ್ತಿತ್ತು.

ಗಿಲಕಿಯವರೇ, ಭಾನುವಾರ ನಿಮ್ಮ ಪ್ರದರ್ಶನದಲ್ಲಿ ಬೆರಳಲ್ಲಿ ಹಾದಿ ಎಳೆಯುತ್ತಿದ್ದಾಗ ಕಾಲು ತಾನಾಗಿ ಅಲುಗುತ್ತಿತ್ತು. ಆದರೆ ಕಾಣದೆ ಓಡುವುದನ್ನು ನೆನೆದರೆ ಹೊಟ್ಟೆ ತೊಳಸುತ್ತದೆ. ನೀವು ಹುಟ್ಟಿನಿಂದ ಹೀಗೆಯೇ ಓಡಿದವರು, ನಾನು ಕಂಡು ಓಡಿದವನು. ಎದುರಿಗೆ ಏನಾದರೂ ಇದ್ದರೆ ಎಂಬ ಯೋಚನೆ ಬಿಡುವುದಿಲ್ಲ. ಮೊದಲ ದಿನ ಓಡದೆ ನಡೆಯಬಹುದೇ?

ಗಿಲಕಿ
ಮಂಗಳವಾರ, ರಾತ್ರಿ 11.15

ಖಂಡಿತ ನಡೆಯಬಹುದು. ಕಾಣುತ್ತಿದ್ದವರಿಗೆ ಮೊದಲ ತಿಂಗಳು ಕಷ್ಟ, ಇದನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲಿ ಇಬ್ಬರು ನಿಮ್ಮ ಹಾಗೆಯೇ ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರು. ಅವರಿಬ್ಬರೂ ಮೊದಲು ಮಾಡಿದ್ದು ಹಲಗೆಯ ಮೇಲೆ ಒಂದು ಕೈಯಿಟ್ಟುಕೊಂಡು ಮೈದಾನದ ಉದ್ದಕ್ಕೂ ನಡೆದದ್ದು, ಎಷ್ಟು ಹೆಜ್ಜೆ ಎಂದು ಎಣಿಸುತ್ತ. ಆಮೇಲೆ ಚೆಂಡನ್ನು ಎರಡು ಪಾದಗಳ ನಡುವೆ ಟಕಟಕ ಆಡಿಸಿಕೊಂಡು ಅದೇ ಹಾದಿ. ಪಾದಗಳ ನಡುವೆ ಇರುವವರೆಗೆ ಚೆಂಡು ಕಳೆದುಹೋಗುವುದಿಲ್ಲ, ಸದ್ದೂ ನಿಲ್ಲುವುದಿಲ್ಲ. ಹಣೆಗೆ ಕಟ್ಟುವ ಮೆತ್ತನೆಯ ಪಟ್ಟಿ ನಮ್ಮಲ್ಲೇ ಇದೆ.

ಎಡಗಾಲು ಅವರೂ ಬರಲಿ, ಕೆಲಸವಿದೆ. ನಮ್ಮ ಮಾರ್ಗದರ್ಶಿಗೆ ಬುಧವಾರಗಳಂದು ಬರಲಾಗುವುದಿಲ್ಲ. ಗೋಲಿನ ಹಿಂದೆ ನಿಂತು ದಿಕ್ಕು, ದೂರ ಹೇಳುವವರು ಬೇಕು. ಚಿಕ್ಕ ಮಾತು, ತಡವಿಲ್ಲದೆ. "ಛೆ" ಅಲ್ಲಿ ಬೇಡ.

ಶಿಳ್ಳೆಯವ
ಬುಧವಾರ, ಬೆಳಿಗ್ಗೆ 6.40

ನಿನ್ನೆ ಸಂಜೆಯ ಪಂದ್ಯದಲ್ಲಿ ಪ್ರಯತ್ನಿಸಿದೆ. "ಪರೋಕ್ಷ!" ಎಂದು ಗಟ್ಟಿಯಾಗಿ ಹೇಳಿದಾಗ ಇಬ್ಬರು ಆಟಗಾರರು ಅದೇನೆಂದು ಕೇಳಿದರು. ಅವರಿಗೆ ಎತ್ತಿದ ತೋಳಿನ ಅರ್ಥವೇ ಗೊತ್ತಿರಲಿಲ್ಲ, ಕಣ್ಣಿದ್ದೂ.

ಎಡಗಾಲು
ಬುಧವಾರ, ಬೆಳಿಗ್ಗೆ 8.30

ಐದೂವರೆಗೆ ಮನೆಯ ಮುಂದೆ ಇರುತ್ತೇನೆ. ರಾತ್ರಿಯೆಲ್ಲ "ಎಡಕ್ಕೆ, ಎಂಟು ಮೀಟರ್, ನೇರ" ಎಂದು ಹೇಳಿ ಅಭ್ಯಾಸ ಮಾಡಿದ್ದೇನೆ. ಬೂಟು ಇದೆಯೇ?

ಎಂಟನೇ ನಂಬರ್
ಬುಧವಾರ, ಬೆಳಿಗ್ಗೆ 9.05

ಇದೆ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿತ್ತು. ಅಟ್ಟೆ ಮಡಚಿ ನೋಡಿದೆ, ಸೀಳಿಲ್ಲ. ಎಡಗಾಲಿನದರ ಲೇಸು ಕಿತ್ತಿದೆ, ಬರುವಾಗ ಒಂದು ತೆಗೆದುಕೊಂಡು ಬಾ. ಯಾವ ಬಣ್ಣವಾದರೂ ಸರಿ, ಆದರೆ ಯಾವುದೆಂದು ನನಗೆ ಹೇಳು.